ಫೇನಿಕೆ ಮತ್ತು ಸಟ್ಟಕ: ಪಾಕಗ್ರಂಥಗಳ ಪಾಠವಿಮರ್ಶೆಗೆ ಅಡುಗೆಮನೆಯ ಸಾಕ್ಷ್ಯ

1

ಹಸ್ತಪ್ರತಿಯೊಂದನ್ನು ಪರಿಷ್ಕರಿಸುವವನಿಗೆ ಲಿಪಿಜ್ಞಾನ, ವ್ಯಾಕರಣ, ಛಂದಸ್ಸು, ನಿಘಂಟು ಎಂಬ ನಾಲ್ಕು ಸಾಧನಗಳಿದ್ದರೆ ಸಾಕೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಕಾವ್ಯ, ಪುರಾಣ, ಸಿದ್ಧಾಂತಗ್ರಂಥಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಕೈಯಿಂದ ಮಾಡಬೇಕಾದ ಕ್ರಿಯೆಯನ್ನು ವಿಧಿಸುವ ಶಾಸ್ತ್ರಗಳಲ್ಲಿ, ವಿಶೇಷವಾಗಿ ಪಾಕಶಾಸ್ತ್ರದಲ್ಲಿ, ಈ ನಾಲ್ಕು ಸಾಧನಗಳೂ ಕೂಡಿ ಸಂಪಾದಕನನ್ನು ದಾರಿ ತಪ್ಪಿಸಬಲ್ಲವು ಎಂಬುದನ್ನು ಒಂದು ನಿದರ್ಶನದ ಮೂಲಕ ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ಆರಿಸಿಕೊಂಡಿರುವುದು ಯಾವ ಗಹನವಾದ ವಿಷಯವೂ ಅಲ್ಲ; ಉತ್ತರ ಕರ್ನಾಟಕದ ಮನೆಗಳಲ್ಲಿ ಹಬ್ಬಕ್ಕೆ ಕರಿಯುವ ಚಿರೋಟಿ.

ಕನ್ನಡ ನಾಡಿನಲ್ಲಿ ಪಾಕವಿಷಯಕವಾದ ಬರಹಕ್ಕೆ ದೀರ್ಘ ಪರಂಪರೆಯಿದೆ. ಸುಮಾರು 1025ರಲ್ಲಿ ರಚಿತವಾದ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೂ ಸ್ಥಾನವುಂಟು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ (1129) ಮೂರನೆಯ ವಿಂಶತಿಯಲ್ಲಿ ಬರುವ ಅನ್ನಭೋಗ ಪ್ರಕರಣವಂತೂ ಪ್ರಸಿದ್ಧವೇ ಆಗಿದೆ. 16ನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಸ್ವತಂತ್ರ ಗ್ರಂಥವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದನು. ಹಿಟ್ಟಿನ ಅಡಿಗೆಗಳಿಗಾಗಿ ಅದರಲ್ಲಿ ಪಿಷ್ಟಪಾಕವೆಂಬ ಪ್ರತ್ಯೇಕ ಅಧ್ಯಾಯವಿದೆ. 'ಸಮ್ಯಕ್ತ್ವಕೌಮುದಿ'ಯಂತಹ ಧಾರ್ಮಿಕ ಕೃತಿಯನ್ನು ಬರೆದ ಲೇಖನಿಯೇ ಹಿಟ್ಟು, ತುಪ್ಪ, ಒಲೆಗಳ ವಿಷಯವನ್ನೂ ಬರೆಯಿತೆಂಬುದು ನಮಗೆ ಅಚ್ಚರಿಯಾಗಬೇಕಾಗಿಲ್ಲ. ತನ್ನ ಪಾತ್ರೆಯಲ್ಲಿರುವುದು ಏನು, ಅದು ಯಾವುದರಿಂದ ಆಯಿತು, ಯಾವಾಗ ಆಯಿತು ಎಂಬುದನ್ನು ತಿಳಿಯದೆ ಆಹಾರದಾನ ಮಾಡಲು ಶ್ರಾವಕನಿಗೆ ಅವಕಾಶವಿಲ್ಲ. ಹಿಟ್ಟು ಬೀಸಿದ ಮೇಲೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಮರ್ಯಾದೆಯನ್ನು ಎಣಿಸುವ ಮನೆಯಲ್ಲಿ ಅಡಿಗೆಯು ಶಾಸ್ತ್ರವಾಗುವುದು ಸಹಜ.

ಆದರೆ ಇಂತಹ ಗ್ರಂಥಗಳನ್ನು ಪ್ರಕಟಿಸುವಾಗ ನಾವು ಅನುಸರಿಸುತ್ತ ಬಂದಿರುವ ಕ್ರಮ ವಿಚಾರಣೀಯವಾಗಿದೆ. ಕಾವ್ಯದಲ್ಲಿ ಒಂದು ಆಭರಣದ ಹೆಸರು ಬಂದರೆ ಶಿಲ್ಪಗಳನ್ನು ಹುಡುಕಿ ಅದರ ಆಕಾರವನ್ನು ನಿರ್ಣಯಿಸುತ್ತೇವೆ. ಆಯುಧದ ಹೆಸರು ಬಂದರೆ ವೀರಗಲ್ಲುಗಳನ್ನು ನೋಡುತ್ತೇವೆ. ತಿನಿಸಿನ ಹೆಸರು ಬಂದರೆ ಮಾತ್ರ ಶಬ್ದಕೋಶದಲ್ಲಿ 'ಒಂದು ಬಗೆಯ ಭಕ್ಷ್ಯ' ಎಂದು ಬರೆದು ಮುಂದೆ ಸಾಗುತ್ತೇವೆ. ಈ ಮೂರು ಶಬ್ದಗಳು ಅರ್ಥವಲ್ಲ, ಅರ್ಥದ ಅಭಾವ. ಓದುಗನಿಗೆ ಆ ಪದ ತಿನಿಸಿನ ಹೆಸರೆಂಬುದು ಸಂದರ್ಭದಿಂದಲೇ ತಿಳಿದಿತ್ತು. ಕೋಶವು ಅವನಿಗೆ ಹೊಸದಾಗಿ ಹೇಳಿದ್ದು ಏನೂ ಇಲ್ಲ. ಅನ್ಯರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಈ ದೋಷದಲ್ಲಿ ಈ ಲೇಖಕನ ಪಾಲು ಸಣ್ಣದಲ್ಲವೆಂಬುದು ಮುಂದೆ ತಿಳಿಯುವುದು.

2

ಪದರಗಳುಳ್ಳ ಕರಿದ ಭಕ್ಷ್ಯಗಳಿಗೆ ನಮ್ಮ ದೇಶದಲ್ಲಿ ಪ್ರಾಚೀನವಾದ ಆಧಾರಗಳಿವೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 46ನೆಯ ಅಧ್ಯಾಯದಲ್ಲಿ ಗೋದಿಹಿಟ್ಟಿನ ಭಕ್ಷ್ಯಗಳನ್ನು ಹೇಳುವಾಗ ಫೇನಕ ಮೊದಲಾದವು ಲಘುವಾದವು ಎಂಬ ಮಾತು ಬರುತ್ತದೆ. ಅಲ್ಲಿ ಹೆಸರುಂಟು, ಗುಣವುಂಟು, ಮಾಡುವ ವಿಧಾನವಿಲ್ಲ. ವಿಧಾನವು ವಿಸ್ತಾರವಾಗಿ ದೊರೆಯುವುದು 16ನೆಯ ಶತಮಾನದ ಭಾವಮಿಶ್ರನ 'ಭಾವಪ್ರಕಾಶ'ದಲ್ಲಿ. ಆ ವೈದ್ಯಗ್ರಂಥದ ಕೃತಾನ್ನವರ್ಗದಲ್ಲಿ 'ಫೇನಿಕಾ' ಎಂಬ ಭಕ್ಷ್ಯದ ಕ್ರಮ ಹೀಗೆ ಹೇಳಲ್ಪಟ್ಟಿದೆ:

ತುಪ್ಪ ಹೆಚ್ಚಾಗಿ ಬೆರೆಸಿದ ಸಮಿತಾ, ಅಂದರೆ ನುಣುಪಾದ ಗೋದಿಹಿಟ್ಟಿನಿಂದ ಉದ್ದವಾದ ಬತ್ತಿಗಳನ್ನು ಮಾಡಬೇಕು. ಅವನ್ನು ಮಣೆಯ ಮೇಲೆ ಒಂದರ ಪಕ್ಕದಲ್ಲೊಂದು ತಾಗಿಸಿ ಇಟ್ಟು, ಎಲ್ಲವೂ ಕೂಡಿ ಒಂದೇ ಹಾಳೆಯಾಗುವಂತೆ ಲಟ್ಟಣಿಗೆಯಿಂದ ಲಟ್ಟಿಸಬೇಕು. ಆ ಹಾಳೆಯನ್ನು ಕೂಡಿಕೊಂಡಿರುವಂತೆಯೇ ಚೂರಿಯಿಂದ ಕತ್ತರಿಸಬೇಕು. ಮತ್ತೆ ಲಟ್ಟಿಸಿ ಸಟ್ಟಕವನ್ನು ಲೇಪಿಸಬೇಕು. ಅಕ್ಕಿಹಿಟ್ಟು, ತುಪ್ಪ, ನೀರು ಇವುಗಳ ಮಿಶ್ರಣವೇ ಸಟ್ಟಕ. ಅನಂತರ ಸುತ್ತಿ ಬೇರೆ ಬೇರೆ 'ಲೋಪ್ತ್ರಿ'ಗಳನ್ನು ಮಾಡಿ, ಅವು ದುಂಡಗಾಗುವಂತೆ ಪುನಃ ಲಟ್ಟಿಸಿ, ತುಪ್ಪದಲ್ಲಿ ಚೆನ್ನಾಗಿ ಬೇಯಿಸಬೇಕು. ಆಗ ಪುಟಗಳು ಬಿಡಿಬಿಡಿಯಾಗಿ ಅರಳುತ್ತವೆ. ಮೇಲೆ ಸುಗಂಧಿತವಾದ ಸಕ್ಕರೆಯನ್ನು ಉದುರಿಸಬೇಕು. ಇದು ಗುಣದಲ್ಲಿ ಮಂಡಕಕ್ಕೆ ಸಮಾನ, ಅದಕ್ಕಿಂತ ಸ್ವಲ್ಪ ಲಘು.

ಚಿರೋಟಿಯನ್ನು ಮಾಡಿ ಬಲ್ಲವರಿಗೆ ಈ ವಿವರಣೆ ಅಪರಿಚಿತವಾಗಿ ತೋರಲಾರದು. ನಮ್ಮ ಕಡೆಯ ಮನೆಗಳಲ್ಲಿ ಪ್ರಚಲಿತವಾದ ಕ್ರಮವನ್ನು ಹೋಲಿಕೆಗಾಗಿ ಇಲ್ಲಿ ಸಂಗ್ರಹಿಸುತ್ತೇನೆ. ಕಾಲು ಕಿಲೋ ಮೈದಾ ಅಥವಾ ಚಿರೋಟಿ ರವೆಗೆ ಚಿಟಿಕೆ ಉಪ್ಪು, ಎರಡು ದೊಡ್ಡ ಚಮಚ ಬಿಸಿ ತುಪ್ಪ ಹಾಕಿ ಕೈಯಿಂದ ಉಜ್ಜಿ, ಸ್ವಲ್ಪಸ್ವಲ್ಪವೇ ನೀರು ಸೇರಿಸಿ ಗಟ್ಟಿಯಾದ ಕಣಕ ನಾದುತ್ತಾರೆ. ಅರ್ಧ ಗಂಟೆ ಒದ್ದೆಬಟ್ಟೆಯ ಕೆಳಗೆ ನೆನೆಯಲು ಬಿಟ್ಟು (ರವೆಯಾದರೆ ಇನ್ನೂ ಹೆಚ್ಚು ಹೊತ್ತು), ಬಳಿಕ ಚೆನ್ನಾಗಿ ಕುಟ್ಟಿ ಮೆತ್ತಗೆ ಮಾಡುತ್ತಾರೆ. ತೆಳ್ಳಗಿನ ಮೂರು ಹಾಳೆಗಳನ್ನು ಲಟ್ಟಿಸಿ, ಒಂದರ ಮೇಲೊಂದಿಟ್ಟು, ನಡುನಡುವೆ ಅಕ್ಕಿಹಿಟ್ಟು ತುಪ್ಪಗಳನ್ನು ನೊರೆಯುವಂತೆ ತಿಕ್ಕಿದ ಲೇಪವನ್ನು ಹಚ್ಚುತ್ತಾರೆ. ಅದನ್ನು ಬಿಗಿಯಾಗಿ ಚಾಪೆಯಂತೆ ಸುರುಳಿ ಸುತ್ತಿ, ಒಂದೊಂದು ಅಂಗುಲಕ್ಕೆ ಕತ್ತರಿಸಿ, ತುಂಡನ್ನು ಹಗುರವಾಗಿ ಒತ್ತಿ ಲಟ್ಟಿಸಿ, ಸಣ್ಣ ಉರಿಯಲ್ಲಿ ಕರಿಯುತ್ತಾರೆ. ಕರಿಯುವಾಗ ಮೇಲ್ಭಾಗಕ್ಕೆ ಕಾದ ತುಪ್ಪವನ್ನು ಸೌಟಿನಿಂದ ಸುರಿಯುತ್ತಿದ್ದರೆ ಪದರುಗಳು ಹೂವಿನಂತೆ ಬಿಡುತ್ತವೆ. ಆರಿದ ಮೇಲೆ ಪುಡಿಸಕ್ಕರೆ, ಏಲಕ್ಕಿ. ಹಳೆಯ ಮೈಸೂರಿನ ಕಡೆ ಇದೇ ಜಾತಿಯ ಭಕ್ಷ್ಯಕ್ಕೆ ಪೇಣಿ, ಪದರುಪೇಣಿ ಎಂಬ ಹೆಸರುಗಳಿದ್ದು, ಮದುವೆಯ ಊಟದಲ್ಲಿ ಬಾದಾಮಿ ಹಾಲಿನೊಡನೆ ಬಡಿಸುವ ರೂಢಿಯಿದೆ. ಫೇನಿಕಾ ಎಂಬ ಹೆಸರು ದಕ್ಷಿಣದಲ್ಲಿ ಉಳಿದುಬಂದಿದೆ. ಅದರ ಕ್ರಿಯೆ ಎರಡೂ ಕಡೆ ಉಳಿದಿದೆ.

ಇಲ್ಲಿ ಲಿಪಿಯ ಬಗೆಗೆ ಒಂದು ಮಾತು. ಹಳೆಯ ಕನ್ನಡ ಓಲೆಗಳಲ್ಲಿ ಎಕಾರದ ಹ್ರಸ್ವದೀರ್ಘಭೇದವನ್ನು ಗುರುತಿಸುವುದಿಲ್ಲ. ಮಹಾಪ್ರಾಣದ ಗುರುತೂ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಆದುದರಿಂದ ಫೇಣಿ ಎಂಬುದು 'ಪೆಣಿ' ಎಂದೇ ಕಣ್ಣಿಗೆ ಬೀಳಬಹುದು. ಹಳಗನ್ನಡ ಬಲ್ಲ ಸಂಪಾದಕನಿಗೆ ಕೂಡಲೇ ನೆನಪಾಗುವುದು 'ಪೆಣೆ' ಎಂಬ ಧಾತು. ಹೆಣೆದು ಮಾಡಿದ ತಿನಿಸು ಎಂದು ಅವನು ಟಿಪ್ಪಣಿ ಬರೆದರೆ ಅದರಲ್ಲಿ ವ್ಯಾಕರಣದೋಷವೇನೂ ಇರುವುದಿಲ್ಲ, ಛಂದಸ್ಸೂ ಕೆಡುವುದಿಲ್ಲ. ಬಾಣಲೆಯಲ್ಲಿ ಮಾತ್ರ ಅದು ನಿಲ್ಲಲಾರದು.

3

ಈಗ ಮುಖ್ಯವಿಷಯವಾದ ಸಟ್ಟಕಕ್ಕೆ ಬರೋಣ.

ಸುಮಾರು 25 ವರ್ಷಗಳ ಹಿಂದೆ ಈ ಲೇಖಕನು ಆಹಾರವಾಚಕ ಶಬ್ದಗಳನ್ನು ಚೀಟಿಗಳಲ್ಲಿ ಸಂಗ್ರಹಿಸುತ್ತಿದ್ದನು. ಪ್ರಾಕೃತವನ್ನು ಗುರುಮುಖದಿಂದ ಓದಿದವನಿಗೆ ಸಟ್ಟಕವೆಂದರೆ ಮೊದಲು ನೆನಪಾಗುವುದು ರಾಜಶೇಖರನ 'ಕರ್ಪೂರಮಂಜರಿ'. ಆದ್ಯಂತ ಪ್ರಾಕೃತದಲ್ಲಿಯೇ ನಡೆಯುವ ನಾಟಕಕ್ಕೆ ಆ ಹೆಸರು. ಅಡಿಗೆಯ ಸಂದರ್ಭದಲ್ಲಿ ಆ ಅರ್ಥ ಹೊಂದದೆಂದು ತಿಳಿಯುವಷ್ಟು ವಿವೇಕ ಇತ್ತು. ಕೋಶವನ್ನು ನೋಡಲಾಗಿ, ಸುಶ್ರುತನ ಆಧಾರದಿಂದ, ಸಕ್ಕರೆ ಮೊದಲಾದವನ್ನು ಬೆರೆಸಿದ ಮಜ್ಜಿಗೆ ಎಂಬ ಅರ್ಥ ದೊರೆಯಿತು. ಸುಶ್ರುತಸಂಹಿತೆಯ ಅದೇ 46ನೆಯ ಅಧ್ಯಾಯದಲ್ಲಿ ಸಟ್ಟಕವನ್ನು ರುಚಿಕರ, ದೀಪನ ಎಂದು ಹೊಗಳಿರುವುದೂ ಕಂಡಿತು. ಇನ್ನೇನು ಬೇಕು? ಸಂಹಿತೆಯ ಪ್ರಮಾಣವಿದೆ, ಕೋಶದ ಪ್ರಮಾಣವಿದೆ. 'ಸಟ್ಟಕ: ಮಜ್ಜಿಗೆಯ ಪಾನಕ, ಫೇನಿಕೆಯ ಹಾಳೆಗೆ ಲೇಪಿಸುವರು' ಎಂದು ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟೆನು. ಲೇಪಿಸಬೇಕೆಂಬ ವಿಧಿ ನಾನು ಓದುತ್ತಿದ್ದ ಪ್ರತಿಯ ಪುಟದ ಕೊನೆಯಲ್ಲಿತ್ತು. ಸಟ್ಟಕವೆಂದರೆ ಏನೆಂಬ ಗ್ರಂಥಕಾರನ ಸ್ವಂತ ನಿರ್ವಚನ ಮುಂದಿನ ಪುಟದ ಮೊದಲ ಸಾಲಿನಲ್ಲಿತ್ತು. ಪುಟ ತಿರುವುವ ಮೊದಲೇ ಅರ್ಥ ನಿರ್ಣಯವಾಗಿಹೋಗಿತ್ತು. ಗ್ರಂಥಕಾರನ ಮಾತಿಗಿಂತ ಕೋಶದ ಮಾತನ್ನು ಮೊದಲು ಕೇಳುವ ಚಟದ ಫಲವಿದು.

ಆ ಚೀಟಿ ಅನೇಕ ವರ್ಷ ಹಾಗೆಯೇ ಇತ್ತು. ಒಂದು ದೀಪಾವಳಿಯ ಹಿಂದಿನ ದಿನ ನಮ್ಮ ಸೋದರತ್ತೆಯವರು ಪರಾತದ ಮುಂದೆ ಕುಳಿತು ಚಿರೋಟಿಗೆ ಅಣಿ ಮಾಡುತ್ತಿದ್ದಾಗ, ಏನೋ ವಿನೋದಕ್ಕೆಂಬಂತೆ, ಹಿಂದಿನವರು ಹಾಳೆಗಳ ನಡುವೆ ಮಜ್ಜಿಗೆ ಹಚ್ಚುತ್ತಿದ್ದರಂತೆ ಎಂದು ಹೇಳಿದೆನು. ಅವರು ಕೈ ನಿಲ್ಲಿಸದೆಯೇ ಹೇಳಿದರು: "ಯಾರ ಹೇಳಿದರೊ ತಮ್ಮಾ? ಮಜ್ಜಿಗಿ ಹಚ್ಚಿದರ ಪದರ ಬಿಡತಾವೇನು? ಎಲ್ಲಾ ಅಂಟಿ ಒಂದ ರೊಟ್ಟಿ ಆಗತದ. ಹಚ್ಚೂದು ಸಾಟಿ."

ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಆದರೆ ಅವರ ಆ ಒಂದು ಮಾತಿನಲ್ಲಿ ನನ್ನ ಚೀಟಿಗೆ ಎರಡು ತಿದ್ದುಪಡಿಗಳಿದ್ದವು. ಮೊದಲನೆಯದು ವಸ್ತುವಿಗೆ ಸಂಬಂಧಿಸಿದ್ದು. ಗೋದಿಹಿಟ್ಟಿಗೆ ನೀರು ತಗುಲಿದರೆ ಅಂಟು ಹುಟ್ಟುತ್ತದೆ. ಎರಡು ಹಾಳೆಗಳ ನಡುವೆ ನೀರಿನಂಶವುಳ್ಳ ಮಜ್ಜಿಗೆಯನ್ನು ಹಚ್ಚಿದರೆ ಅವು ಬೆಸೆದುಕೊಳ್ಳುತ್ತವೆ. ತುಪ್ಪ ಹಚ್ಚಿದರೆ ಬೆಸೆಯುವುದಿಲ್ಲ. ಆದರೆ ತುಪ್ಪವೊಂದೇ ಇದ್ದರೆ ಕಾವಿಗೆ ಕರಗಿ ಹರಿದುಹೋಗುತ್ತದೆ. ಅಂಟಿಲ್ಲದ ಅಕ್ಕಿಹಿಟ್ಟು ಆ ತುಪ್ಪವನ್ನು ಹಿಡಿದು ನಿಲ್ಲಿಸುತ್ತದೆ. ಕಣಕದೊಳಗಿನ ನೀರು ಕರಿಯುವಾಗ ಆವಿಯಾಗಿ ಹೊರಡುವ ರಭಸಕ್ಕೆ ಬೆಸೆಯದೆ ಉಳಿದ ಹಾಳೆಗಳು ಒಂದನ್ನೊಂದು ಬಿಟ್ಟು ಮೇಲೇಳುತ್ತವೆ. ಉರಿ ಹೆಚ್ಚಾದರೆ ಹಾಳೆಗಳು ಅರಳುವ ಮೊದಲೇ ಹೊರಮೈ ಗಟ್ಟಿಯಾಗುತ್ತದೆ, ಕಡಮೆಯಾದರೆ ತುಪ್ಪ ಹೀರಿ ಜಿಡ್ಡಾಗುತ್ತದೆ. ಭಾವಮಿಶ್ರನು 'ಚೆನ್ನಾಗಿ' ಬೇಯಿಸಬೇಕೆಂದು ಹೇಳಿ, ಕೂಡಲೇ ಪುಟಗಳು ಅರಳುವುದನ್ನು ಹೇಳಿರುವುದು ಅಲಂಕಾರಕ್ಕಲ್ಲ. ಅದು ಪಾಕ ಸರಿಯಾಯಿತೆಂಬುದರ ಲಕ್ಷಣ, ಮಾಡುವವನಿಗೆ ಕೊಟ್ಟ ಪರೀಕ್ಷೆ.

ಎರಡನೆಯ ತಿದ್ದುಪಡಿ ಶಬ್ದಕ್ಕೆ ಸಂಬಂಧಿಸಿದ್ದು. ನಮ್ಮ ಕಡೆ 'ಸಾಟಿ' ಎಂದೂ ಮರಾಠಿಯಲ್ಲಿ 'ಸಾಟಾ' ಎಂದೂ ಕರೆಯುವ ಲೇಪ ಭಾವಮಿಶ್ರನ ಸಟ್ಟಕವೇ ಆಗಿದೆ. ಪ್ರಾಕೃತದ ದ್ವಿತ್ವಾಕ್ಷರವು ಮರಾಠಿಯಲ್ಲಿ ಒಂಟಿಯಾಗಿ, ಅದರ ಹಿಂದಿನ ಸ್ವರ ದೀರ್ಘವಾಗುವುದು ಸಾಮಾನ್ಯ ನಿಯಮ. ಹಸ್ತ, ಹತ್ಥ, ಹಾತ. ಕರ್ಮ, ಕಮ್ಮ, ಕಾಮ. ಇದೇ ದಾರಿಯಲ್ಲಿ ಸಟ್ಟಕ, ಸಟ್ಟಅ, ಸಾಟಾ ಎಂದಾಗುವುದಕ್ಕೆ ಯಾವ ತೊಡಕೂ ಇಲ್ಲ. ಕನ್ನಡದ ಸಾಟಿ ಮರಾಠಿಯ ಮೂಲಕ ಬಂದುದೆಂದು ಊಹಿಸಲು ಅವಕಾಶವಿದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಂಸ್ಕೃತದ ಸಟ್ಟಕದಿಂದಲೇ ಸಾಟಾ ಹುಟ್ಟಿತೋ, ಅಥವಾ ಜನಬಳಕೆಯಲ್ಲಿದ್ದ ದೇಶ್ಯಶಬ್ದವನ್ನೇ ಭಾವಮಿಶ್ರನು ಸಂಸ್ಕರಿಸಿ ಶ್ಲೋಕದಲ್ಲಿಟ್ಟನೋ ಎಂಬುದು ಬೇರೆ ಪ್ರಶ್ನೆ. ಆ ಪ್ರಕರಣದ ಭಾಷೆಯಲ್ಲಿ ಅಡುಗೆಮನೆಯ ವಾಸನೆ ಬಲವಾಗಿರುವುದರಿಂದ ಎರಡನೆಯ ಪಕ್ಷವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಗ್ರಂಥಕಾರನು ಸಟ್ಟಕಕ್ಕೆ ತಾನೇ ನಿರ್ವಚನ ಕೊಟ್ಟಿರುವುದೂ ಈ ಪಕ್ಷಕ್ಕೆ ಅನುಕೂಲ. ಸುಶ್ರುತನ ಸಟ್ಟಕವನ್ನು ಬಲ್ಲ ವೈದ್ಯರು ನನ್ನಂತೆಯೇ ಎಡವಬಾರದೆಂದು ಅವನು ಆ ಸಾಲನ್ನು ಸೇರಿಸಿದಂತೆ ತೋರುತ್ತದೆ.

4

ಸಟ್ಟಕದ ನಿರ್ವಚನದಲ್ಲಿ ಇನ್ನೊಂದು ತೊಡಕುಂಟು. ಅಕ್ಕಿಹಿಟ್ಟು, ತುಪ್ಪ, ನೀರು ಎಂದು ಮೂರು ದ್ರವ್ಯಗಳನ್ನು ಹೇಳಿದೆ. ಇಂದು ಸಾಟಿ ಮಾಡುವವರು ಸಾಮಾನ್ಯವಾಗಿ ಮೊದಲಿನ ಎರಡನ್ನು ಮಾತ್ರ ಬಳಸುತ್ತಾರೆ. ಅಕ್ಕಿಹಿಟ್ಟಿನ ಬದಲು ಜೋಳದ ಪಿಷ್ಟವನ್ನು ಬಳಸುವವರೂ ಇದ್ದಾರೆ. ನೀರು ಪದರುಗಳ ಶತ್ರುವೆಂದು ಈಗ ತಾನೇ ಹೇಳಿದೆವು. ಹಾಗಾದರೆ ಶ್ಲೋಕದ 'ತೋಯ' ಶಬ್ದದ ಗತಿಯೇನು?

ಪಾಠವಿಮರ್ಶಕನಿಗೆ ಇಲ್ಲಿ ಮೂರು ಮಾರ್ಗಗಳು ತೋರುತ್ತವೆ. ಒಂದು, ಅದು ಪಾದಪೂರಣಕ್ಕೆ ಹಾಕಿದ ಶಬ್ದವೆನ್ನುವುದು. ಎರಡು, ಲಿಪಿಕಾರನ ಪ್ರಮಾದವೆಂದು ಬೇರೆ ದ್ರವ್ಯವನ್ನು ಕಲ್ಪಿಸುವುದು. ಮೂರು, ಅದನ್ನು ಹಾಗೆಯೇ ಉಳಿಸಿ ಅರ್ಥವನ್ನು ಹುಡುಕುವುದು. ಆಧುನಿಕ ಪಾಕಪುಸ್ತಕಗಳನ್ನಷ್ಟೇ ನೋಡಿದವನು ಮೊದಲೆರಡರಲ್ಲಿ ಒಂದನ್ನು ಹಿಡಿಯುವುದು ಖಂಡಿತ.

ನಮ್ಮ ಸೋದರತ್ತೆಯವರ ಕ್ರಮವನ್ನು ನಾನು ಬಾಲ್ಯದಿಂದ ನೋಡಿದ್ದೆನಾದರೂ ಲಕ್ಷಿಸಿರಲಿಲ್ಲ. ಅವರು ಹೆರೆತ ತುಪ್ಪವನ್ನು ಪರಾತದಲ್ಲಿ ಹಾಕಿ, ತಣ್ಣೀರು ಚಿಮುಕಿಸಿ, ಅಂಗೈಯಿಂದ ಸುತ್ತಲೂ ತಿಕ್ಕುತ್ತ ಹೋಗುವರು. ಸ್ವಲ್ಪ ಹೊತ್ತಿನಲ್ಲಿ ತುಪ್ಪವು ಬಣ್ಣ ಬಿಟ್ಟು ಬೆಳ್ಳಗಾಗಿ ಬೆಣ್ಣೆಯಂತೆ ಉಬ್ಬುವುದು. ಬೇರ್ಪಟ್ಟ ನೀರನ್ನು ಚೆಲ್ಲಿ, ಮತ್ತೆ ತಣ್ಣೀರು ಹಾಕಿ ತಿಕ್ಕಿ, ಕೊನೆಗೆ ಅಕ್ಕಿಹಿಟ್ಟನ್ನು ಸೇರಿಸುವರು. ಸಾಟಿಯ ಒಂದು ಹನಿಯನ್ನು ನೀರಿನಲ್ಲಿ ಬಿಟ್ಟು, ಅದು ತೇಲಿದರೆ ಸಾಕು ಎನ್ನುವರು. ತುಪ್ಪವನ್ನು ನೀರಿನಿಂದ ತೊಳೆದು ಹಗುರಗೊಳಿಸುವ ಕ್ರಮ ವೈದ್ಯರಿಗೆ ಹೊಸದಲ್ಲ; ನೂರು ಸಲ ತೊಳೆದ ಶತಧೌತಘೃತವು ಆಯುರ್ವೇದದಲ್ಲಿ ಪ್ರಸಿದ್ಧವಾಗಿದೆ. ವೈದ್ಯನಾದ ಭಾವಮಿಶ್ರನು ತುಪ್ಪದೊಡನೆ ನೀರನ್ನು ಹೇಳಿದಾಗ ಇಂತಹ ಕ್ರಿಯೆಯೇ ಅವನ ಮನಸ್ಸಿನಲ್ಲಿತ್ತೆಂದು ಭಾವಿಸುವುದು ಯುಕ್ತ.

ಈ ಊಹೆಯನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲವೆಂದು, ಮನೆಯವರ ಸಹಾಯದಿಂದ ಮೂರು ಬಗೆಯ ಸಾಟಿಗಳನ್ನು ಮಾಡಿಸಿ ನೋಡಿದೆನು. ತುಪ್ಪ ಮತ್ತು ಅಕ್ಕಿಹಿಟ್ಟು ಮಾತ್ರ ಇದ್ದುದರಲ್ಲಿ ಪದರುಗಳು ಬಿಟ್ಟವು. ಅಷ್ಟೇ ತುಪ್ಪಕ್ಕೆ ಅಷ್ಟೇ ನೀರನ್ನು ಸೇರಿಸಿ ಕಲಸಿದುದು ಹಾಳೆಗಳನ್ನು ಅಂಟಿಸಿತು. ಕರಿದಾಗ ಅದು ದಪ್ಪ ಪೂರಿಯಂತಾಯಿತು. ನೀರಿನಲ್ಲಿ ತಿಕ್ಕಿ ಬೆಳ್ಳಗಾದ ತುಪ್ಪದಿಂದ ಮಾಡಿದುದು ಹಾಳೆಯ ಮೇಲೆ ಅತಿ ತೆಳುವಾಗಿ, ಸಮವಾಗಿ ಹರಡಿತು. ಪದರುಗಳು ಮೊದಲಿನದಕ್ಕಿಂತಲೂ ಚೆನ್ನಾಗಿ ಬಿಟ್ಟವು. ಆದುದರಿಂದ 'ಮಿಶ್ರಿತ'ವೆಂಬುದಕ್ಕೆ ಸುಮ್ಮನೆ ಕಲಸಿದ ಎಂದಲ್ಲ, ತಿಕ್ಕಿ ಒಂದಾಗಿಸಿದ ಎಂಬ ಅರ್ಥವನ್ನು ಗ್ರಹಿಸಿದರೆ ತೋಯಶಬ್ದವು ಸಾರ್ಥಕವಾಗುತ್ತದೆ. ಅದು ಪೂರಣವೂ ಅಲ್ಲ, ಪ್ರಮಾದವೂ ಅಲ್ಲ. ಫೇನವೆಂದರೆ ನೊರೆ. ಭಕ್ಷ್ಯಕ್ಕೆ ಆ ಹೆಸರು ಅರಳಿದ ಪದರುಗಳಿಂದ ಬಂದಿತೆಂದು ಸಾಮಾನ್ಯವಾಗಿ ತೋರುವುದಾದರೂ, ನೊರೆಯಂತೆ ಉಬ್ಬಿದ ಈ ಲೇಪದ ನೆನಪೂ ಅದರಲ್ಲಿ ಸೇರಿರಬಹುದೇ ಎಂಬುದನ್ನು ಬಲ್ಲವರು ಆಲೋಚಿಸಬೇಕು.

ಇಂದಿನವರು ನೀರನ್ನು ಬಿಟ್ಟದ್ದು ಭಕ್ಷ್ಯದ ಮರ್ಯಾದೆ ಹೆಚ್ಚಲೆಂದು ಇರಬಹುದೆಂದು ನಾನು ಒಮ್ಮೆ ಊಹಿಸಿದ್ದುಂಟು. ನೀರಿನ ಸಂಬಂಧವಿರುವ ಪದಾರ್ಥಕ್ಕೆ ಕಾಲಮರ್ಯಾದೆ ಕಡಮೆಯೆಂಬುದು ಶ್ರಾವಕಾಚಾರವನ್ನು ಬಲ್ಲವರಿಗೆ ತಿಳಿದ ವಿಷಯ. ಆದರೆ ಆ ಊಹೆ ನಿಲ್ಲದು. ಕಣಕವನ್ನೇ ನೀರಿನಲ್ಲಿ ನಾದಿರುವಾಗ ಸಾಟಿಯ ನೀರನ್ನು ಬಿಟ್ಟು ಸಾಧಿಸಿದ್ದೇನು? ಅಂಗೈಯಿಂದ ಅರ್ಧ ಗಂಟೆ ತಿಕ್ಕುವ ತಾಳ್ಮೆ ಹೋಯಿತು, ಅದರೊಡನೆ ನೀರೂ ಹೋಯಿತು ಎಂಬುದೇ ಸರಳವಾದ ಉತ್ತರ. ನಮ್ಮ ಸಂಪ್ರದಾಯದ ಗೌರವಕ್ಕೆ ಹೊಂದುವ ಕಾರಣವು ಸಿಕ್ಕಿತೆಂದು ಅದನ್ನೇ ನಿಜವೆಂದು ಭಾವಿಸುವುದು ವಿಮರ್ಶೆಯಾಗಲಾರದು.

5

ಇನ್ನುಳಿದ ಎರಡು ಸ್ಥಳಗಳನ್ನು ಸಂಕ್ಷೇಪವಾಗಿ ವಿಚಾರಿಸಬಹುದು.

'ಲೋಪ್ತ್ರಿ' ಎಂಬುದು ನಿಘಂಟುವಿನ ಬಲದಿಂದ ಎಡವಲು ಇನ್ನೊಂದು ಸ್ಥಾನ. ಅಮರಕೋಶದಲ್ಲಿ ಲೋಪ್ತ್ರವೆಂದರೆ ಕಳ್ಳನು ಕದ್ದ ಧನ. ಆ ಅರ್ಥವನ್ನು ಇಲ್ಲಿ ತಂದರೆ ಫೇನಿಕೆಯ ಪ್ರಕರಣವು ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಅರ್ಥವಾಗದ ಲಿಪಿಕಾರನು ಇದನ್ನು ತಿದ್ದಲು ತೊಡಗಿದರೆ ಯಾವ ಯಾವ ಪಾಠಗಳು ಹುಟ್ಟಬಹುದೆಂಬುದನ್ನು ಹಸ್ತಪ್ರತಿಗಳ ಪರಿಚಯವುಳ್ಳವರು ಊಹಿಸಬಲ್ಲರು. ಹಿಂದೀ ಮಾತನಾಡುವ ಮನೆಗಳಲ್ಲಿ ಲಟ್ಟಿಸಲು ಕಿತ್ತಿಟ್ಟ ಹಿಟ್ಟಿನ ಉಂಡೆಗೆ 'ಲೋಈ' ಎಂದು ಹೇಳುತ್ತಾರೆ. ಸಂದರ್ಭಕ್ಕೆ ಬೇಕಾದುದು ಅದೇ: ಸುತ್ತಿದ ಸುರುಳಿಯಿಂದ ಬೇರೆ ಬೇರೆಯಾಗಿ ಮಾಡಿಟ್ಟ ಉಂಡೆ.

'ಕೂಡಿಕೊಂಡಿರುವಂತೆಯೇ ಕತ್ತರಿಸುವುದು' ಹೆಚ್ಚು ಕಠಿಣವಾದ ಸ್ಥಳ. ಇಂದಿನ ಕ್ರಮದಲ್ಲಿ ಮೊದಲು ಲೇಪ, ಆಮೇಲೆ ಸುರುಳಿ, ಕೊನೆಗೆ ಕತ್ತರಿಸುವಿಕೆ. ಶ್ಲೋಕದಲ್ಲಿ ಕತ್ತರಿಸಿದ ಮೇಲೆ ಲೇಪ. ಶ್ಲೋಕಾರ್ಧಗಳು ಸ್ಥಾನಪಲ್ಲಟಗೊಂಡಿವೆಯೆಂದು ಹೇಳಿ ಕ್ರಮವನ್ನು ತಿದ್ದುವ ಆಸೆ ಯಾರಿಗಾದರೂ ಬಂದೀತು. ಹಾಗೆ ಮಾಡಿದರೆ ನಾವು ಭಾವಮಿಶ್ರನ ಫೇನಿಕೆಯನ್ನು ತೆಗೆದು ನಮ್ಮ ಮನೆಯ ಚಿರೋಟಿಯನ್ನು ಗ್ರಂಥದಲ್ಲಿ ಇಟ್ಟಂತಾಗುತ್ತದೆ. ಇದು ಅಡುಗೆಮನೆಯ ಸಾಕ್ಷ್ಯವನ್ನು ಅತಿಯಾಗಿ ನಂಬುವುದರ ದೋಷ. ನಿಘಂಟನ್ನು ಅತಿಯಾಗಿ ನಂಬುವುದಕ್ಕಿಂತ ಸಣ್ಣದೇನೂ ಅಲ್ಲ.

ಶ್ಲೋಕದ ಕ್ರಮದಂತೆಯೇ ಮಾಡಿ ನೋಡಲಾಗಿ ತಿಳಿದುದು ಇಷ್ಟು. 'ಕೂಡಿಕೊಂಡಿರುವಂತೆ' ಎಂದರೆ ಅರ್ಧ ಆಳಕ್ಕೆ ಮಾತ್ರ ಗೀರುವುದೆಂದು ಅರ್ಥಮಾಡಿದರೆ, ಮತ್ತೆ ಲಟ್ಟಿಸುವಾಗ ಗೀರುಗಳು ಹರಿದು ಹಾಳೆ ಕೆಡುತ್ತದೆ. ಬತ್ತಿಗಳು ಒಂದಕ್ಕೊಂದು ಅಂಟಿಕೊಂಡಿರುವಂತೆಯೇ, ಅವುಗಳ ಉದ್ದಕ್ಕೆ ಅಡ್ಡಲಾಗಿ ಪೂರ್ತಿ ಕತ್ತರಿಸಿದರೆ, ಪ್ರತಿಯೊಂದು ತುಂಡಿನಲ್ಲಿಯೂ ಎಲ್ಲ ಬತ್ತಿಗಳ ಭಾಗ ಉಳಿಯುತ್ತದೆ. ಆ ತುಂಡನ್ನು ಲಟ್ಟಿಸಿ, ಸಟ್ಟಕ ಹಚ್ಚಿ, ಸುತ್ತಿ, ದುಂಡಗೆ ಲಟ್ಟಿಸಿ ಕರಿದಾಗ ಪದರುಗಳು ಬಿಟ್ಟವು. ಬತ್ತಿಗಳ ಗುರುತು ಪದರುಗಳಲ್ಲಿ ಎಳೆಯಂತೆ ಕಾಣುತ್ತಿತ್ತು. ಬತ್ತಿಯ ಹಿಟ್ಟಿನಲ್ಲಿ ತುಪ್ಪ ಹೆಚ್ಚಾಗಿರಬೇಕೆಂಬ ಆರಂಭದ ವಿಶೇಷಣವೂ ಆಗ ಅರ್ಥವಾಯಿತು. ತುಪ್ಪ ಕಡಮೆಯಾದ ಬತ್ತಿಗಳು ಲಟ್ಟಿಸುವಾಗ ಪೂರ್ಣವಾಗಿ ಬೆಸೆದು ಸಾಧಾರಣ ಹಾಳೆಯಾಗುತ್ತವೆ. ಬತ್ತಿ ಮಾಡಿದ ಶ್ರಮ ವ್ಯರ್ಥವಾಗುತ್ತದೆ. ಆದುದರಿಂದ ಶ್ಲೋಕದ ಕ್ರಮ ಸುಸಂಗತವಾಗಿಯೇ ಇದೆ. ಚಿರೋಟಿ ಅದರ ಬಂಧುವೇ ಹೊರತು ಅದರ ಪ್ರತಿಯಲ್ಲ. ಒಂದೆರಡು ಸಲ ಮಾಡಿದ ಪ್ರಯೋಗದಿಂದ ಇದು ಅಂತಿಮ ನಿರ್ಣಯವೆಂದು ಹೇಳಲಾಗದು. ಆದರೆ ಪಾಠವನ್ನು ತಿದ್ದಲು ಹೊರಟವನ ಕೈಯನ್ನು ತಡೆಯಲು ಇಷ್ಟು ಸಾಕು.

6

ಇಷ್ಟು ವಿವೇಚನೆಯಿಂದ ಹೊರಡುವ ಸಾರಾಂಶವನ್ನು ಸಂಪಾದಕರ ಅವಗಾಹನೆಗೆ ತರುತ್ತೇನೆ. ಪಾಕಗ್ರಂಥದ ಶಬ್ದಕ್ಕೆ ಮೊದಲ ಪ್ರಮಾಣ ಗ್ರಂಥಕಾರನ ಸ್ವಂತ ನಿರ್ವಚನ. ಅದು ಇಲ್ಲದಿದ್ದರೆ ಕ್ರಿಯೆಯ ಸಾಂಗತ್ಯ; ಆ ಅರ್ಥದಲ್ಲಿ ತಿನಿಸು ಆಗುವುದೋ ಇಲ್ಲವೋ ಎಂಬ ಪರೀಕ್ಷೆ. ಅದರ ಬಳಿಕ ಜೀವಂತವಾದ ಆಡುನುಡಿ. ಸಾಮಾನ್ಯ ನಿಘಂಟು ಕೊನೆಯದು. ಪ್ರಯೋಗವು ಪಾಠಕ್ಕೆ ಸಾಕ್ಷಿಯಾಗಬಹುದು, ಒಡೆಯನಾಗಬಾರದು. ಅದು ಒಂದು ಪಾಠವನ್ನು ಸಮರ್ಥಿಸಬಲ್ಲುದು, ಅಸಂಭವವಾದ ಅರ್ಥವನ್ನು ನಿರಾಕರಿಸಬಲ್ಲುದು. ಹಸ್ತಪ್ರತಿಯಲ್ಲಿಲ್ಲದ ಪಾಠವನ್ನು ಸೃಷ್ಟಿಸುವ ಅಧಿಕಾರ ಅದಕ್ಕಿಲ್ಲ. ತಿಳಿಯದ ತಿನಿಸಿನ ಮುಂದೆ 'ಒಂದು ಬಗೆಯ ಭಕ್ಷ್ಯ' ಎಂದು ಬರೆಯುವುದಕ್ಕಿಂತ, 'ಸ್ವರೂಪ ತಿಳಿಯದು' ಎಂದು ಬರೆಯುವುದು ಪ್ರಾಮಾಣಿಕವಾದುದು. ಮೊದಲನೆಯದು ಬಾಗಿಲನ್ನು ಮುಚ್ಚುತ್ತದೆ. ಎರಡನೆಯದು ಮುಂದೆ ಬರುವವನಿಗೆ ತೆರೆದಿಡುತ್ತದೆ.

ಈ ಕಾರ್ಯಕ್ಕೆ ಕಾಲಾವಕಾಶ ಹೆಚ್ಚಿಲ್ಲವೆಂಬುದನ್ನೂ ಹೇಳಬೇಕಾಗಿದೆ. ಓಲೆಗರಿಗಳನ್ನು ಹುಳುವಿನಿಂದ ರಕ್ಷಿಸಲು ನಾವು ಎಣ್ಣೆ ಹಚ್ಚುತ್ತೇವೆ, ಛಾಯಾಚಿತ್ರ ತೆಗೆದಿಡುತ್ತೇವೆ, ಇತ್ತೀಚೆಗೆ ಗಣಕಯಂತ್ರದಲ್ಲಿಯೂ ಸಂಗ್ರಹಿಸುತ್ತಿದ್ದೇವೆ. ಆ ಗರಿಗಳಲ್ಲಿರುವ ಶಬ್ದಗಳ ಅರ್ಥ ಯಾರ ಕೈಗಳಲ್ಲಿದೆಯೋ ಅವರ ಪಟ್ಟಿಯನ್ನು ಯಾವ ಭಂಡಾರದಲ್ಲಿಯೂ ಇಟ್ಟಿಲ್ಲ. ಚಿರೋಟಿ ಈಗ ಪೆಟ್ಟಿಗೆಗಳಲ್ಲಿ ತುಂಬಿ ಅಂಗಡಿಯಿಂದ ಬರುತ್ತದೆ. ಸಾಟಿ ಎಂಬ ಮಾತು ಮನೆಯ ಮಕ್ಕಳಿಗೆ ತಿಳಿಯುವ ಸಂದರ್ಭವೇ ಬರುವುದಿಲ್ಲ. ಮಂಗರಸನ ಪಿಷ್ಟಪಾಕದಂತಹ ಅಧ್ಯಾಯವನ್ನು ಪುನಃ ಪರಿಷ್ಕರಿಸುವವರು ಪ್ರತಿಗಳನ್ನು ಹೋಲಿಸುವುದರ ಜೊತೆಗೆ, ಆಯಾ ಪ್ರದೇಶದ ನಾಲ್ಕಾರು ಮನೆಗಳ ಹಿರಿಯ ಹೆಂಗಸರ ಮುಂದೆ ಕುಳಿತು ಪದ್ಯಗಳನ್ನು ಓದಿ ಹೇಳಿ, ಅವರ ಮಾತನ್ನು ಪಾಠಾಂತರದಷ್ಟೇ ಗೌರವದಿಂದ ಬರೆದುಕೊಳ್ಳಬೇಕು.

ನಮ್ಮ ಸೋದರತ್ತೆಯವರು ಈಗ ಇಲ್ಲ. ಸಟ್ಟಕದ ವಿಷಯ ಅವರಿಂದ ತಿಳಿಯಿತು. ಬತ್ತಿ ಮಾಡಿ ಕೂಡಿಸಿ ಲಟ್ಟಿಸುವ ಕ್ರಮವನ್ನು ಅವರು ತಮ್ಮ ತಾಯಿಯ ಮನೆಯಲ್ಲಿ ಕಂಡಿದ್ದರೇ ಎಂದು ಕೇಳಲು, ಆ ಶ್ಲೋಕಗಳು ಅಷ್ಟು ಮುಖ್ಯವೆಂದು ನನಗೆ ತೋರಿದ್ದು ಅವರು ಹೋದ ಮೇಲೆ. ಹಳೆಯ ಚೀಟಿಯನ್ನು ಹರಿದುಹಾಕಿಲ್ಲ. ಮಜ್ಜಿಗೆಯೆಂಬ ಅರ್ಥವನ್ನು ಗೆರೆ ಎಳೆದು ಹೊಡೆದು, ಕೆಳಗೆ 'ಸಾಟಿ. ಮನೆಯ ಸಾಕ್ಷ್ಯ' ಎಂದು ಬರೆದು ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಈ ಲೇಖನದಲ್ಲಿಯೂ ದೋಷಗಳು ಉಳಿದಿರಬಹುದು. ಶಾಸ್ತ್ರವನ್ನು ಬಲ್ಲವರೂ ಲಟ್ಟಣಿಗೆಯನ್ನು ಬಲ್ಲವರೂ ಕೂಡಿ ಅವುಗಳನ್ನು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.